‘ಪುಸ್ತಕದಲ್ಲಿ ಹೀಗಿರಲಿಲ್ಲ!’

ಅಮರ ಚಿತ್ರಕಥೆಯ ಓದುಗನೂ ಜಪಾನಿನ ರಾಮಾಯಣವೂ

(ಆದಿ ಉಡುಪಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2025ರ ಜನವರಿ 24ರಂದು ಭಾರತದ ಚಿತ್ರಮಂದಿರಗಳಿಗೆ ಒಂದು ಹಳೆಯ ಚಿತ್ರ ಬಂತು. ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಎಂಬುದು ಅದರ ಹೆಸರು. ಕತೆ ಭಾರತದ್ದು, ಕುಂಚ ಬಹುಮಟ್ಟಿಗೆ ಜಪಾನಿನದು. ಜಪಾನಿನ ಆ್ಯನಿಮೇಶನ್ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಈ ಅನಿಮೆ ಸಿದ್ಧವಾದದ್ದು 1992ರಲ್ಲಿ. ಹಿಂದೊಮ್ಮೆ ಟಿ.ವಿ.ಯಲ್ಲಿ ಇದನ್ನು ನೋಡಿದ್ದ ಮಕ್ಕಳು ಈ ಸಲ ತಮ್ಮ ಮಕ್ಕಳ ಕೈ ಹಿಡಿದು ಚಿತ್ರಮಂದಿರಕ್ಕೆ ಹೋದರು.

ಇಂಥ ಚಿತ್ರ ಬಂದಾಗಲೆಲ್ಲ ಪ್ರೇಕ್ಷಕರಲ್ಲಿ ಎರಡು ಪಂಗಡಗಳಾಗುತ್ತವೆ. ತೆರೆಯ ಮೇಲೆ ಕಂಡದ್ದನ್ನೇ ಮೊದಲು ಕಂಡವರದು ಒಂದು. ಅದೇ ಕತೆಯನ್ನು ಚಿತ್ರಕಥೆಯ ಪುಸ್ತಕದಲ್ಲಿ ಹತ್ತು ಸಲ ಓದಿ, ಪುಟ ಸವೆಸಿ, ಮೂಲೆ ಮಡಚಿ ಇಟ್ಟುಕೊಂಡವರದು ಇನ್ನೊಂದು. ಈ ಎರಡನೆಯವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: “ಪುಸ್ತಕದಲ್ಲಿ ಹೀಗಿರಲಿಲ್ಲ!”

ಈ ದೂರು ನ್ಯಾಯವೇ? ನ್ಯಾಯವಾದರೆ ಎಷ್ಟರ ಮಟ್ಟಿಗೆ? ಇದು ಕೇವಲ ಮಕ್ಕಳ ಜಗಳವೆಂದು ತಳ್ಳಿಹಾಕುವಂತಿಲ್ಲ. ಒಂದು ಭಾಷೆಯ ಮಕ್ಕಳು ತಮ್ಮ ಕತೆಗಳನ್ನು ಯಾವ ರೂಪದಲ್ಲಿ, ಯಾರ ದನಿಯಲ್ಲಿ ಪಡೆಯುತ್ತಾರೆ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ.

ಕಾರ್ಕಳದ ಹುಡುಗ, ಬೆಂಗಳೂರಿನ ಆರಂಭ

ಮೊದಲು ಆ ಪುಸ್ತಕದ ವಿಚಾರ. ಭಾರತದ ಬಹುಪಾಲು ಓದುಗರಿಗೆ ಚಿತ್ರಕಥೆ ಎಂದರೆ ‘ಅಮರ ಚಿತ್ರಕಥೆ’. ಅದರ ಸಂಪಾದಕ ಅನಂತ ಪೈ ಇಲ್ಲಿಗೆ ಸಮೀಪದ ಕಾರ್ಕಳದವರು. 1929ರ ಸೆಪ್ಟೆಂಬರ್ 17ರಂದು ಅಲ್ಲಿ ಹುಟ್ಟಿ, ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದವರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ಅಂಟಿದ್ದು ಮಕ್ಕಳ ಪತ್ರಿಕೆಗೆ. 1954ರಲ್ಲಿ ‘ಮಾನವ್’ ಎಂಬ ಪತ್ರಿಕೆ ತೆಗೆದು ಕೈಸುಟ್ಟುಕೊಂಡರು. ಮುಂದೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. ಅಲ್ಲಿಂದ 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಹೊರಬಂದು ಫ್ಯಾಂಟಮ್ ಮನೆಮಾತಾದ.

1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿ.ವಿ.ಯಲ್ಲಿ ಪೈ ಅವರು ನೋಡಿದ ರಸಪ್ರಶ್ನೆಯ ಕತೆ ಅನೇಕರಿಗೆ ಗೊತ್ತು. ಗ್ರೀಕ್ ದೇವತೆಗಳ ಬಗ್ಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಕೇಳಿದಾಗ ಮೌನವಾದರು. ಅದೇ ವರ್ಷ ಇಂಡಿಯಾ ಬುಕ್ ಹೌಸ್ ಮೂಲಕ ‘ಕೃಷ್ಣ’ ಹೊರಬಂತು. ಚಿತ್ರ ಬರೆದವರು ರಾಮ್ ವಾಯೀರ್ಕರ್.

ಆದರೆ ‘ಕೃಷ್ಣ’ ಸಂಚಿಕೆಯ ಮೇಲಿನ ಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಎಲ್ಲಿ ಹೋದವು? ಅವು ಸಿಂಡ್ರೆಲಾ ಮುಂತಾದ ವಿದೇಶಿ ಕತೆಗಳು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್ ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಇವು ಕನ್ನಡದಲ್ಲಿ ಅಚ್ಚಾದವು. ಅಂದರೆ ಮುಂದೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಕೋಟಿಗಟ್ಟಲೆ ಪ್ರತಿ ಮಾರಾಟವಾದ ಮಾಲಿಕೆಯ ಮೊದಲ ಮೆಟ್ಟಿಲು ಕನ್ನಡ, ಅದೂ ಅನುವಾದದ ಕನ್ನಡ. ಈ ಸಂಗತಿಯನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಜಪಾನಿನಿಂದ ಬಂದ ರಾಮ

ಇನ್ನು ಚಿತ್ರದ ವಿಚಾರ. ಇದು ಅಮರ ಚಿತ್ರಕಥೆಯನ್ನು ಆಧರಿಸಿದ್ದಲ್ಲ, ನೇರವಾಗಿ ರಾಮಾಯಣವನ್ನು ಆಧರಿಸಿದ್ದು. ಆದರೆ ಚಿತ್ರಕಥೆ ಓದಿ ಬೆಳೆದವರ ಮನಸ್ಸಿನಲ್ಲಿ ರಾಮ, ಸೀತೆ, ಹನುಮಂತರ ಮುಖ ಮೊದಲೇ ಅಚ್ಚೊತ್ತಿರುತ್ತದೆ. ತೆರೆಯ ಮೇಲೆ ಬಂದವರನ್ನು ಅವರು ಆ ಮುಖದೊಂದಿಗೇ ಹೋಲಿಸುತ್ತಾರೆ. ಅವರ ಪಾಲಿಗೆ ಮೂಲವೆಂದರೆ ಆ 32 ಪುಟಗಳ ಪುಸ್ತಕವೇ.

ನಿರ್ಮಾಪಕ ಯುಗೊ ಸಾಕೊ 1983ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಭಾರತಕ್ಕೆ ಬಂದಿದ್ದರು. ಆಗ ರಾಮಾಯಣದ ಪರಿಚಯವಾಯಿತು, ಓದಿದರು, ಮನಸೋತರು. ರಾಮನ ಮಹಿಮೆಯನ್ನು ನಟರ ಮೂಲಕ ತೋರಿಸುವುದಕ್ಕಿಂತ ಚಿತ್ರದ ಮೂಲಕ ತೋರಿಸುವುದೇ ಸರಿ ಎಂದು ಅವರಿಗೆ ತೋರಿತು. ಸುದ್ದಿ ತಿಳಿಯುತ್ತಲೇ ಆಕ್ಷೇಪ ಎದ್ದಿತು. ಹೊರಗಿನವರು ರಾಮಾಯಣವನ್ನು ಕಾರ್ಟೂನು ಮಾಡುವುದು ತರವಲ್ಲವೆಂದು ವಿಶ್ವ ಹಿಂದೂ ಪರಿಷತ್ತು ಜಪಾನಿನ ರಾಯಭಾರ ಕಚೇರಿಗೆ ಪತ್ರ ಬರೆಯಿತು. ಮಾತುಕತೆಯಿಂದ ತಪ್ಪು ತಿಳಿವಳಿಕೆ ದೂರವಾಯಿತಾದರೂ ವಿಷಯ ಸೂಕ್ಷ್ಮವೆಂದು ಭಾರತ ಸರಕಾರ ಪಾಲುದಾರಿಕೆಗೆ ಒಪ್ಪಲಿಲ್ಲ. ಹೀಗಾಗಿ ಹೆಚ್ಚಿನ ಕೆಲಸ ಜಪಾನಿನಲ್ಲೇ ನಡೆಯಿತು. ಸಾಕೊ ಮತ್ತು ಕೋಯಿಚಿ ಸಾಸಾಕಿ ಅವರ ಜತೆಗೆ ಭಾರತದ ಆ್ಯನಿಮೇಶನ್ ಕಲೆಯ ಹಿರಿಯ ರಾಮ್ ಮೋಹನ್ ನಿರ್ದೇಶನದಲ್ಲಿ ಕೈಜೋಡಿಸಿದರು. ಪಂಚೆ ಹೇಗೆ ಉಡಬೇಕು, ಕೈ ಹೇಗೆ ಮುಗಿಯಬೇಕು ಎಂಬುದನ್ನು ಜಪಾನೀ ಕಲಾವಿದರಿಗೆ ಭಾರತೀಯರು ತೋರಿಸಿಕೊಟ್ಟರು. ಸಂಗೀತ ವನರಾಜ್ ಭಾಟಿಯಾ ಅವರದು. ಮೊದಲು ಮಾಡಿದ ಇಂಗ್ಲಿಷ್ ಆವೃತ್ತಿಯಲ್ಲಿ ಹಾಡುಗಳನ್ನು ಸಂಸ್ಕೃತದಲ್ಲೇ ಇಟ್ಟರು.

ಈ ಚಿತ್ರದ ಬಗ್ಗೆ ಚಿತ್ರಕಥೆಯ ಓದುಗ ಹೇಳುವ ದೂರುಗಳು ಮುಖ್ಯವಾಗಿ ಮೂರು. ಕತೆ ಬದಲಾಗಿದೆ, ಮುಖ ಬದಲಾಗಿದೆ, ದನಿ ಬದಲಾಗಿದೆ. ಒಂದೊಂದನ್ನೇ ಪರಿಶೀಲಿಸೋಣ.

ಕತೆಯ ದೂರು

ವಾಲ್ಮೀಕಿ ರಾಮಾಯಣದಲ್ಲಿ 24,000 ಶ್ಲೋಕಗಳಿವೆ ಎನ್ನುವುದು ರೂಢಿಯ ಲೆಕ್ಕ. ಚಿತ್ರಕಥೆಯ ‘ರಾಮ’ ಅದನ್ನು 32 ಪುಟಗಳಿಗೆ ಇಳಿಸಿತು. ಚಿತ್ರ ಅದನ್ನು 135 ನಿಮಿಷಗಳಿಗೆ ಇಳಿಸಿತು. ರಾಮ ಅಯೋಧ್ಯೆಗೆ ಮರಳುವುದರೊಂದಿಗೆ ಚಿತ್ರ ಮುಗಿಯುತ್ತದೆ. ಉತ್ತರಕಾಂಡದ ಸೀತಾಪರಿತ್ಯಾಗ ಅಲ್ಲಿಲ್ಲ. “ಅದನ್ನು ಬಿಟ್ಟಿದ್ದಾರೆ, ಇದನ್ನು ಬಿಟ್ಟಿದ್ದಾರೆ” ಎಂದು ಲೆಕ್ಕ ಹಾಕುವ ಓದುಗ ತನ್ನ ಕೈಯಲ್ಲಿರುವ ಪುಸ್ತಕ ಏನೇನನ್ನು ಬಿಟ್ಟಿದೆ ಎಂಬ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಚಿತ್ರಕಥೆಯೂ ಒಂದು ರೂಪಾಂತರವೇ. ನೂರಾರು ರಾಮಾಯಣಗಳಿರುವ ದೇಶದಲ್ಲಿ ಅದು ಒಂದೇ ಜಾಡನ್ನು ಹಿಡಿಯಿತು, ನಾಯಕರನ್ನು ಬೆಳ್ಳಗೆ, ರಾಕ್ಷಸರನ್ನು ಕಪ್ಪಗೆ ಬರೆಯಿತು ಎಂಬ ವಿದ್ವಾಂಸರ ಟೀಕೆ ಸುಳ್ಳೇನಲ್ಲ. ಪ್ರೀತಿಯ ಪುಸ್ತಕಕ್ಕೂ ಮಿತಿಗಳಿರುತ್ತವೆ.

ಕರಾವಳಿಯ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ವಾಲ್ಮೀಕಿಯ ಅನುವಾದಗಳಲ್ಲ. ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದಾಗ ಕತೆ ಕಡಿಮೆಯಾಯಿತೆಂದು ಬೇಸರಿಸಿದವರಿದ್ದಾರೆ. ಆದರೆ ಅನುಭವಿ ಪ್ರೇಕ್ಷಕ ಕೇಳುವುದು ಎಷ್ಟು ಪದ್ಯ ಬಿಟ್ಟರು ಎಂದಲ್ಲ, ಯಾವ ಪದ್ಯ ಬಿಟ್ಟರು ಎಂದು. ಯುದ್ಧದ ಹತ್ತು ಪದ್ಯ ಹೋದರೆ ಪ್ರಸಂಗ ಉಳಿಯುತ್ತದೆ. ಪಾತ್ರದ ಮನಸ್ಸು ತಿರುಗುವ ಒಂದು ಪದ್ಯ ಹೋದರೆ ಪ್ರಸಂಗವೇ ಹೋಗುತ್ತದೆ.

ಜಪಾನಿನಲ್ಲಿ ಚಿತ್ರಕಥೆಗಳಿಗೆ ‘ಮಂಗಾ’ ಎಂದು ಹೆಸರು. ಅಲ್ಲಿಯೂ ಇದೇ ಜಗಳ ಇದೆ. ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮಂಗಾ ಪ್ರಕಟವಾದದ್ದು 2001ರಿಂದ 2010ರವರೆಗೆ. ಅದು ಮುಗಿಯುವ ಮೊದಲೇ, 2003ರಲ್ಲಿ, ಟಿ.ವಿ. ಸರಣಿ ಶುರುವಾಯಿತು. ಮೂಲ ಮುಗಿದಿಲ್ಲವಾದ್ದರಿಂದ ಸರಣಿ ಬೇರೆಯೇ ದಾರಿ ಹಿಡಿದು ಬೇರೆಯೇ ಕೊನೆ ಮುಟ್ಟಿತು. 2009ರಲ್ಲಿ ಮೂಲಕ್ಕೆ ಹತ್ತಿರವಾದ ಇನ್ನೊಂದು ಸರಣಿ ಬಂತು. ಎರಡಕ್ಕೂ ಅಭಿಮಾನಿಗಳಿದ್ದಾರೆ. ‘ಸ್ಲ್ಯಾಮ್ ಡಂಕ್’ ಎಂಬ ಬಾಸ್ಕೆಟ್‌ಬಾಲ್ ಮಂಗಾ ಬರೆದ ತಾಕೆಹಿಕೊ ಇನೋವೆ 2022ರಲ್ಲಿ ತಾವೇ ಅದರ ಚಿತ್ರ ನಿರ್ದೇಶಿಸಿದಾಗ, ಪುಸ್ತಕದ ನಾಯಕನನ್ನು ಪಕ್ಕಕ್ಕಿಟ್ಟು ತಂಡದ ಇನ್ನೊಬ್ಬ ಆಟಗಾರನ ಬದುಕಿನ ಮೂಲಕ ಕತೆ ಹೇಳಿದರು. ಮೂಲ ಬರೆದವನೇ ಮೂಲವನ್ನು ಬದಲಿಸಿದಾಗ ಅಭಿಮಾನಿ ಯಾರ ಮೇಲೆ ದೂರು ಕೊಡಬೇಕು?

ಆದ್ದರಿಂದ ಕತೆಯ ದೂರು ಅರ್ಧ ಮಾತ್ರ ನಿಲ್ಲುತ್ತದೆ. ಬದಲಾವಣೆ ಅಪರಾಧವಲ್ಲ, ಕಾರಣವಿಲ್ಲದ ಬದಲಾವಣೆ ಅಪರಾಧ.

ಮುಖದ ದೂರು

ಚಿತ್ರಕಥೆಯ ರಾಮನ ಮೈ ನೀಲಿ. ಕ್ಯಾಲೆಂಡರಿನ ದೇವರಂತೆ ಅವನು ನಿಂತಲ್ಲಿ ಬೆಳಕು. ಅನಿಮೆಯ ರಾಮನಿಗೆ ಮನುಷ್ಯರ ಮೈಬಣ್ಣ. ಕಣ್ಣು ದೊಡ್ಡದು, ಮುಖ ಎಳೆಯದು. ಮೊದಲ ನೋಟಕ್ಕೆ ಇವನು ದೇವರಲ್ಲ, ಕಾಡಿಗೆ ಹೊರಟ ಒಬ್ಬ ಯುವಕ. ಚಿತ್ರಕಥೆಯ ಓದುಗನಿಗೆ ಇದು ಮೊದಲ ಪೆಟ್ಟು.

ಇಲ್ಲಿ ಎರಡು ಮಾಧ್ಯಮಗಳ ಸ್ವಭಾವವನ್ನು ಅರಿಯಬೇಕು. ಪುಸ್ತಕದಲ್ಲಿ ಒಂದು ಚೌಕಟ್ಟಿಗೂ ಇನ್ನೊಂದು ಚೌಕಟ್ಟಿಗೂ ನಡುವೆ ಬಿಳಿ ಜಾಗ ಇರುತ್ತದೆ. ಒಂದರಲ್ಲಿ ಹನುಮಂತ ಬಂಡೆಯ ಮೇಲೆ ಕಾಲೂರಿದ್ದಾನೆ, ಮುಂದಿನದರಲ್ಲಿ ಕಡಲ ಮೇಲಿದ್ದಾನೆ. ನೆಗೆದದ್ದು ಎಲ್ಲಿ? ಬಿಳಿ ಜಾಗದಲ್ಲಿ. ಆ ನೆಗೆತವನ್ನು ಬರೆದವನು ಚಿತ್ರಕಾರನಲ್ಲ, ಓದುವ ಹುಡುಗ. ಎಷ್ಟು ಎತ್ತರ, ಎಷ್ಟು ವೇಗ, ಗಾಳಿಯ ಸದ್ದು ಎಂಥದು ಎಂಬುದೆಲ್ಲ ಅವನ ಸ್ವಂತ ಸೃಷ್ಟಿ. ಒಂದೇ ಚಿತ್ರವನ್ನು ಅವನು ಹತ್ತು ನಿಮಿಷ ನೋಡಬಹುದು, ಅರ್ಧ ಕ್ಷಣದಲ್ಲಿ ದಾಟಬಹುದು.

ಸಿನಿಮಾದಲ್ಲಿ ಬಿಳಿ ಜಾಗವಿಲ್ಲ. ಸೆಕೆಂಡಿಗೆ 24 ಚೌಕಟ್ಟಿನಂತೆ 135 ನಿಮಿಷಗಳಿಗೆ 1,94,400 ಚೌಕಟ್ಟುಗಳು ಕಣ್ಣ ಮುಂದೆ ಹಾಯುತ್ತವೆ. ನೆಗೆತವನ್ನು ತೋರಿಸಲೇಬೇಕು, ಅದಕ್ಕೆ ಇಂತಿಷ್ಟೇ ಹೊತ್ತು ಎಂದು ನಿರ್ಧರಿಸಲೇಬೇಕು. ಓದುಗ ಖಾಲಿ ಜಾಗದಲ್ಲಿ ಕಟ್ಟಿಕೊಂಡಿದ್ದನ್ನು ಬೇರೊಬ್ಬ ಬಂದು ತುಂಬುತ್ತಾನೆ. “ಪುಸ್ತಕದಲ್ಲಿ ಹೀಗಿರಲಿಲ್ಲ” ಎಂಬ ಮಾತಿನ ನಿಜವಾದ ಅರ್ಥ ಬಹಳ ಸಲ ಇದೇ: “ನನ್ನ ಮನಸ್ಸಿನಲ್ಲಿ ಹೀಗಿರಲಿಲ್ಲ.” ಪುಸ್ತಕ ತೆಗೆದು ನೋಡಿದರೆ ಅಲ್ಲಿ ಏನೂ ಇರುವುದಿಲ್ಲ, ಬಿಳಿ ಜಾಗ ಮಾತ್ರ ಇರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಅನಿಮೆಯ ದೊಡ್ಡ ಗೆಲುವು ಅದು ಗಾತ್ರವನ್ನು ತೋರಿಸಿದ ಬಗೆಯಲ್ಲಿದೆ. ಪುಸ್ತಕದ ಪುಟ ಅಂಗೈಯಗಲದ್ದು. ಕುಂಭಕರ್ಣನನ್ನು ಎಷ್ಟೇ ದೊಡ್ಡದಾಗಿ ಬರೆದರೂ ಅವನು ಪುಟದೊಳಗೆ ಮುದುಡಿ ಕೂರಬೇಕು. ತೆರೆಯ ಮೇಲೆ ಅವನು ರಣರಂಗಕ್ಕೆ ಬರುವಾಗ ಕಪಿಸೇನೆ ಇರುವೆ ಸಾಲಾಗಿ ಕಾಣುತ್ತದೆ. ಲಂಕಾದಹನದ ಬೆಂಕಿ, ಕಡಲಿನ ವಿಸ್ತಾರ, ಕಾಡಿನ ಹಸಿರು ಇವೆಲ್ಲ ಹಿನ್ನೆಲೆ ಚಿತ್ರಕಾರರ ಶ್ರದ್ಧೆಗೆ ಸಾಕ್ಷಿ. ಸೋಲು ಎಲ್ಲಿದೆ ಎಂದರೆ ಅವಸರದಲ್ಲಿ. ಓದುಗ ನಿಲ್ಲಲು ಬಯಸುವಲ್ಲಿ ಚಿತ್ರ ನಿಲ್ಲುವುದಿಲ್ಲ. ಅರಮನೆಯ ಸಂಕಟ ಕಣ್ಣಲ್ಲಿ ಇಳಿಯುವ ಮೊದಲೇ ಕಾಡು ಬಂದಿರುತ್ತದೆ.

ಮುಖದ ವಿಚಾರಕ್ಕೆ ಬಂದರೆ, ತೆಂಕಿನ ವೇಷ ಬೇರೆ, ಬಡಗಿನ ವೇಷ ಬೇರೆ. ಎರಡನ್ನೂ ನೋಡುವ ಉಡುಪಿಯ ಪ್ರೇಕ್ಷಕ ಯಾವುದು ನಿಜವಾದ ಹನುಮಂತ ಎಂದು ಕೇಳುವುದಿಲ್ಲ. ರಂಗಸ್ಥಳಕ್ಕೆ ಬಂದವನ ನಡೆ ಹನುಮಂತನಿಗೆ ಒಪ್ಪುತ್ತದೆಯೇ ಎಂದಷ್ಟೇ ನೋಡುತ್ತಾನೆ. ಮನುಷ್ಯ ಮೈಬಣ್ಣದ ರಾಮನನ್ನೂ ಹಾಗೆಯೇ ಅಳೆಯಬೇಕು. ಬಣ್ಣ ಹೋಯಿತು, ರಾಮ ಉಳಿದನೇ? ಚಿತ್ರವನ್ನು ಸಮಾಧಾನದಿಂದ ನೋಡಿದವರು ಉಳಿದನೆಂದೇ ಹೇಳುತ್ತಾರೆ.

ದನಿಯ ದೂರು

ಮೂರನೆಯದು ದನಿ. ಎಲ್ಲಕ್ಕಿಂತ ಗಟ್ಟಿಯಾದ, ಆದರೆ ಎಲ್ಲರೂ ಮೆಲ್ಲಗೆ ಹೇಳುವ ದೂರು ಇದು.

ಪುಸ್ತಕ ಓದುವಾಗ ಪಾತ್ರಗಳ ದನಿ ಓದುಗನದೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕನ್ನಡ ಚಿತ್ರಕಥೆಯನ್ನು ಓದಿದಾಗ, ರಾಮನೂ ರಾವಣನೂ ಆ ಮಗುವಿನ ಕನ್ನಡದಲ್ಲೇ ಮಾತಾಡುತ್ತಾರೆ. ಅನಿಮೆಯ ಇಂಗ್ಲಿಷ್ ಆವೃತ್ತಿಯೊಂದರಲ್ಲಿ ಕತೆ ನಿರೂಪಿಸಿದವರು ಹಾಲಿವುಡ್ಡಿನ ಜೇಮ್ಸ್ ಅರ್ಲ್ ಜೋನ್ಸ್. ಹಿಂದಿಯಲ್ಲಿ ಶತ್ರುಘ್ನ ಸಿನ್ಹಾ ನಿರೂಪಿಸಿದರು, ರಾಮನಿಗೆ ಅರುಣ್ ಗೋವಿಲ್ ದನಿಯಾದರು. 2025ರಲ್ಲಿ ಚಿತ್ರ ಮತ್ತೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ದನಿ ಎಷ್ಟು ಮುಖ್ಯ ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಕೋಟದ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ‘ಬ್ಯಾಲೆ’ ಮಾಡಿದಾಗ ಎಷ್ಟು ಚರ್ಚೆ ನಡೆಯಿತು! ನೃತ್ಯ, ರಾಗ, ತಾಳ, ವೇಷ ಇವೇ ಆ ಕಲೆಯ ಜೀವ ಎಂಬುದು ಅವರ ನಿಲುವು. ಭಾಷೆ ಬಾರದ ದೂರದೇಶದ ಪ್ರೇಕ್ಷಕನಿಗೂ ಅದು ತಲುಪಿತು. ಆದರೆ ಮೂಲವನ್ನು ಮೆಚ್ಚಿದವರು ಕೇಳಿದ ಪ್ರಶ್ನೆ ಒಂದೇ: ಅರ್ಥವಿಲ್ಲದ ಆಟ ಆಟವೇ? ವೇಷವೇ ಇಲ್ಲದೆ, ಮಾತಿನಿಂದಲೇ ವಾಲಿಯನ್ನೂ ರಾಮನನ್ನೂ ಎದುರುಬದುರು ನಿಲ್ಲಿಸುವ ತಾಳಮದ್ದಳೆಯ ನಾಡಿನಲ್ಲಿ ಈ ಪ್ರಶ್ನೆ ಸಹಜವಾಗಿತ್ತು. ಇಬ್ಬರ ವಾದದಲ್ಲೂ ಸತ್ಯವಿದೆ. ಅಂಥ ಊರಿನ ಮಗು ಇಂದು ರಾಮನ ಮಾತನ್ನು ಅರ್ಧ ತಿಳಿದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿ ಸುಮ್ಮನಾಗಬೇಕಾಗಿದೆ. ಜಪಾನಿನ ಹೊಸ ಅನಿಮೆ ಚಿತ್ರಗಳ ಕತೆಯೂ ಹೀಗೆಯೇ. 2025ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆಕಂಡ ‘ಡೆಮನ್ ಸ್ಲೇಯರ್’ ಚಿತ್ರ ಜಪಾನಿ, ಇಂಗ್ಲಿಷ್‌ಗಳ ಜತೆ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು.

ಕನ್ನಡ ಏಕೆ ಹೊರಗುಳಿಯಿತು? ಅದಕ್ಕೆ ಇತಿಹಾಸವಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಎಳೆಯದು. ಪರಭಾಷೆಯ ಚಿತ್ರಗಳು ಕನ್ನಡದ ದನಿ ತೊಟ್ಟು ಬಂದರೆ ಇಲ್ಲಿಯ ಕಲಾವಿದರ, ತಂತ್ರಜ್ಞರ ಅನ್ನ ಹೋಗುತ್ತದೆ ಎಂದು ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಆ ಭಯ ಅಂದಿಗೆ ಸುಳ್ಳಾಗಿರಲಿಲ್ಲ. ಕಾನೂನು ಇಲ್ಲದಿದ್ದರೂ ಬಹಿಷ್ಕಾರ ದಶಕಗಳ ಕಾಲ ನಡೆಯಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದನ್ನು ತಪ್ಪೆಂದು ಹೇಳಿತು. 2017ರ ಮಾರ್ಚ್‌ನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು. 2020ರ ಲಾಕ್‌ಡೌನ್ ದಿನಗಳಲ್ಲಿ ಕನ್ನಡದಲ್ಲಿ ಪ್ರಸಾರವಾದ ‘ಮಹಾಭಾರತ’ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದರು. 2025ರ ಜುಲೈಯಲ್ಲಿ ಪ್ರಹ್ಲಾದನ ಕತೆಯ ‘ಮಹಾವತಾರ ನರಸಿಂಹ’ ಎಂಬ ಭಾರತೀಯ ಆ್ಯನಿಮೇಶನ್ ಚಿತ್ರ ಕನ್ನಡದಲ್ಲೂ ಬಂತು. ಅಂದರೆ ಬಾಗಿಲು ತೆರೆದಿದೆ. ಒಳಗೆ ಬರುವಂತೆ ಕರೆಯುವವರು ಬೇಕಾಗಿದೆ.

“ಬರೇ ಪರರದ್ದನ್ನು ಕನ್ನಡಕ್ಕೆ ತಂದರೆ ಕನ್ನಡದ್ದು ಹುಟ್ಟುವುದು ಯಾವಾಗ?” ಎಂದು ಕೆಲವರು ಕೇಳಬಹುದು. ಇದು ತೂಕದ ಪ್ರಶ್ನೆ. ಅದಕ್ಕೆ ಉತ್ತರ ಆ ಹತ್ತು ಸಂಖ್ಯೆಗಳಲ್ಲಿದೆ. 1965ರಲ್ಲಿ ಸಿಂಡ್ರೆಲಾ ಕನ್ನಡ ಮಾತಾಡಿದಳು; 1967ರಲ್ಲಿ ‘ಕೃಷ್ಣ’ ಬಂದ. ಮೊದಲ ಹತ್ತನ್ನು ಪರಕೀಯವೆಂದು ತಡೆದಿದ್ದರೆ ಹನ್ನೊಂದನೆಯದು ಬರುತ್ತಿತ್ತೆಂದು ಹೇಳುವಂತಿಲ್ಲ. ಮಂಗಾ ಮತ್ತು ಅನಿಮೆಯನ್ನು ಕನ್ನಡದಲ್ಲಿ ಕೇಳಿ, ಓದಿ ಬೆಳೆದ ಮಗುವೇ ನಾಳೆ ಅಬ್ಬಕ್ಕನ ಕತೆಯನ್ನೋ ಕೋಟಿ ಚೆನ್ನಯರ ಕತೆಯನ್ನೋ ತನ್ನ ಗೆರೆಗಳಲ್ಲಿ ಬರೆದೀತು. ಬರೆಯಬೇಕಾದ ಮಾತು ಮೊದಲು ಕಿವಿಯಲ್ಲಿ ಬೀಳಬೇಕು.

ಅಭಿಮಾನಿ ಕೇಳಬೇಕಾದ್ದೇನು?

ಒಟ್ಟಿನಲ್ಲಿ, ಚಿತ್ರಕಥೆಯ ಅಭಿಮಾನಿ ಹೊಸ ರೂಪವನ್ನು ವಿಮರ್ಶಿಸಲು ಹೊರಟಾಗ ಮೂರು ಪ್ರಶ್ನೆಗಳು ಸಾಕು. ಕತೆ ಬದಲಾಗಿದ್ದರೆ ಕಾರಣವಿದೆಯೇ? ಮುಖ ಬದಲಾಗಿದ್ದರೂ ಪಾತ್ರದ ಸ್ವಭಾವ ಉಳಿದಿದೆಯೇ? ದನಿ ನಮಗೆ ತಲುಪುತ್ತಿದೆಯೇ? ಜಪಾನಿನ ರಾಮಾಯಣ ಮೊದಲ ಪ್ರಶ್ನೆಯಲ್ಲಿ ಅವಸರದಿಂದ ಕೆಲವು ಅಂಕ ಕಳೆದುಕೊಂಡರೂ ಉತ್ತೀರ್ಣವಾಗುತ್ತದೆ. ಎರಡನೆಯದರಲ್ಲಿ ಒಳ್ಳೆಯ ಅಂಕ ಪಡೆಯುತ್ತದೆ. ಮೂರನೆಯ ಪ್ರಶ್ನೆಗೆ ಅದು ಕನ್ನಡದಲ್ಲಿ ಉತ್ತರವನ್ನೇ ಬರೆದಿಲ್ಲ. ಆ ತಪ್ಪು ಚಿತ್ರ ಬರೆದವರದಲ್ಲ. ಕನ್ನಡದಲ್ಲಿ ಬೇಕೆಂದು ಸಾಕಷ್ಟು ಗಟ್ಟಿಯಾಗಿ ಯಾರೂ ಕೇಳಲಿಲ್ಲ.

ಅನಂತ ಪೈ 2011ರ ಫೆಬ್ರವರಿ 24ರಂದು ತೀರಿಕೊಂಡರು, ಯುಗೊ ಸಾಕೊ 2012ರಲ್ಲಿ, ರಾಮ್ ಮೋಹನ್ 2019ರಲ್ಲಿ. ಮೂವರೂ ತಮ್ಮ ತಮ್ಮ ಕೆಲಸ ಮುಗಿಸಿ ಹೋಗಿದ್ದಾರೆ. ಉಳಿದಿರುವ ಕೆಲಸ ಇಲ್ಲಿಯದು. ಪ್ರಸಂಗದ ಒಂದು ಪದ್ಯ ಕೇಳಿ ಅರ್ಧ ಗಂಟೆ ಅರ್ಥ ಹೇಳಬಲ್ಲ ಕಲಾವಿದರು ಕಾಪುವಿನಿಂದ ಕುಂದಾಪುರದ ತನಕ ಸಿಗುತ್ತಾರೆ. ರಾವಣನಿಗೆ, ಕುಂಭಕರ್ಣನಿಗೆ ಕನ್ನಡದಲ್ಲಿ ದನಿ ಕೊಡುವವರನ್ನು ದೂರ ಹುಡುಕಬೇಕಾಗಿಲ್ಲ. ಇಂಥ ಚಿತ್ರ ಮುಂದಿನ ಸಲ ಬಂದಾಗ ಟಿಕೇಟಿನ ಕಿಟಕಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸೀಟು ಯಾವ ಸಾಲಿನಲ್ಲಿದೆ ಎಂದಲ್ಲ, ಕನ್ನಡದಲ್ಲಿ ಇದೆಯೇ ಎಂದು.